ಮೀಡ್: ಜೇನಿನ ಮದ್ಯದಲ್ಲಿ ಹೂವಿನ ರುಚಿ ಹುಡುಕುವುದು ಹೇಗೆ?

ಜೇನುತುಪ್ಪಕ್ಕೆ ನೀರು ಬೆರೆಸಿ, ಯೀಸ್ಟ್ ಸೇರಿಸಿ, ಹುದುಗಲು ಬಿಟ್ಟರೆ ಸಿಗುವ ಮದ್ಯವೇ ಮೀಡ್. ಹೇಳುವುದಕ್ಕೆ ಇಷ್ಟೇ. ಆದರೆ ಮೀಡ್ ಎಂದು ಬರೆದಿರುವ ಎರಡು ಬಾಟಲಿ ತಂದು ಪಕ್ಕಪಕ್ಕ ಇಟ್ಟು ರುಚಿ ನೋಡಿದರೆ, ಇವೆರಡೂ ಒಂದೇ ಜಾತಿಯವಾ ಎಂಬ ಅನುಮಾನ ಬಂದರೂ ಬರಬಹುದು. ಒಂದು ತೆಳ್ಳಗೆ, ಗುಳ್ಳೆ ಏಳುತ್ತಾ, ಸಿಹಿಯ ಸುಳಿವೇ ಇಲ್ಲದೆ ಇರುತ್ತದೆ. ಇನ್ನೊಂದು ಗ್ಲಾಸಿನ ಒಳಗೋಡೆಗೆ ಅಂಟಿಕೊಳ್ಳುವಷ್ಟು ಮಂದ, ಎರಡು ಗುಟುಕಿಗೇ ಸಾಕೆನಿಸುವಷ್ಟು ಸಿಹಿ.

ಮೊದಲ ಸಲ ಕುಡಿಯುವವರಿಗೆ ಸಾಮಾನ್ಯವಾಗಿ ಬರುವ ಪ್ರಶ್ನೆ ಒಂದೇ. "ಜೇನಿಂದ ಮಾಡಿದ್ದು ಅಂತೀರಿ, ಮತ್ತೆ ಸಿಹಿ ಯಾಕಿಲ್ಲ?" ಇದಕ್ಕೆ ಉತ್ತರ ಗೊತ್ತಾದರೆ ಮೀಡ್‌ಗಳನ್ನು ಹೋಲಿಸುವ ಅರ್ಧ ದಾರಿ ಸಿಕ್ಕಿದಂತೆ. ಸಿಹಿ ಎಷ್ಟಿದೆ ಎಂದು ನೋಡುವುದು ಸುಲಭ. ಆದರೆ ಅದರಿಂದ ಮೀಡ್ ಬಗ್ಗೆ ತಿಳಿಯುವುದು ತೀರಾ ಕಡಿಮೆ. ಜೇನು ಯಾವ ಹೂವಿನದು, ನೀರು ಎಷ್ಟು ಬೆರೆಸಿದರು, ಬೇರೆ ಏನು ಸೇರಿಸಿದರು, ಎಷ್ಟು ಕಾಲ ಇಟ್ಟರು: ಇವು ನಾಲಿಗೆಗೆ ಸಿಗುವಂತೆ ರುಚಿ ನೋಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಯೀಸ್ಟ್ ತಿಂದು ಉಳಿಸಿದ್ದು

ಜೇನುತುಪ್ಪದಲ್ಲಿ ಸುಮಾರು ಶೇ. 80ರಷ್ಟು ಸಕ್ಕರೆಯೇ ಇರುತ್ತದೆ. ನೀರು ಶೇ. 17ರಿಂದ 20. ಉಳಿದ ಚೂರುಪಾರಿನಲ್ಲಿ ಆಮ್ಲಗಳು, ಖನಿಜಗಳು, ಪರಾಗ, ಕಿಣ್ವಗಳು, ಮತ್ತೆ ಹೂವಿನಿಂದ ಬಂದ ಪರಿಮಳ. ಸಕ್ಕರೆ ಇಷ್ಟು ದಟ್ಟವಾಗಿರುವುದರಿಂದ ಯೀಸ್ಟ್‌ಗೆ ಬರೀ ಜೇನಿನಲ್ಲಿ ಕೆಲಸ ಮಾಡಲು ಆಗುವುದಿಲ್ಲ. ಅದರ ಜೀವಕೋಶದೊಳಗಿನ ನೀರನ್ನೇ ಜೇನು ಹೊರಗೆಳೆದುಬಿಡುತ್ತದೆ. ನೀರು ಬೆರೆಸಿ ತೆಳುವಾಗಿಸಿದಾಗ ಮಾತ್ರ ಯೀಸ್ಟ್ ಚುರುಕಾಗುತ್ತದೆ, ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ನಮ್ಮಲ್ಲಿ ಇದರ ಒಂದು ಸಣ್ಣ ರೂಪ ಹಲವರಿಗೆ ಗೊತ್ತಿರುತ್ತದೆ. ಪೂರ್ತಿ ಪಕ್ವವಾಗುವ ಮೊದಲೇ ತೆಗೆದ ತುಡುವೆ ಜೇನಿನಲ್ಲಿ ನೀರಿನ ಅಂಶ ಜಾಸ್ತಿ. ಅಂಥ ಜೇನನ್ನು ಮಳೆಗಾಲದಲ್ಲಿ ಹಾಗೇ ಇಟ್ಟರೆ ಮೇಲೆ ನೊರೆ ಬರುತ್ತದೆ, ಮುಚ್ಚಳ ತೆಗೆದಾಗ ಹುಳಿ ವಾಸನೆ ಹೊಡೆಯುತ್ತದೆ. ಜೇನಿನಲ್ಲೇ ಇದ್ದ ಕಾಡು ಯೀಸ್ಟ್ ಎಚ್ಚೆತ್ತಿದೆ ಎಂದು ಅರ್ಥ. ಅದನ್ನು ಮೀಡ್ ಅನ್ನಲಾಗದು, ಆದರೆ ನಡೆದ ಕೆಲಸ ಅದೇ.

ಜೇನಿನ ಸಕ್ಕರೆ ಮುಖ್ಯವಾಗಿ ಎರಡು ಬಗೆ: ಗ್ಲೂಕೋಸ್ ಮತ್ತು ಫ್ರಕ್ಟೋಸ್. ಯೀಸ್ಟ್‌ಗೆ ಗ್ಲೂಕೋಸ್ ಹೆಚ್ಚು ಇಷ್ಟ, ಅದನ್ನೇ ಬೇಗ ಖಾಲಿ ಮಾಡುತ್ತದೆ. ಹಾಗಾಗಿ ಹುದುಗುವುದು ನಡುವೆ ನಿಂತ ಮೀಡ್‌ನಲ್ಲಿ ಉಳಿಯುವುದು ಬಹುಪಾಲು ಫ್ರಕ್ಟೋಸ್. ಫ್ರಕ್ಟೋಸ್ ನಾಲಿಗೆಗೆ ಗ್ಲೂಕೋಸ್‌ಗಿಂತ ಹೆಚ್ಚು ಸಿಹಿ. ಪೂರ್ತಿ ಹುದುಗಿದರೆ ಎರಡೂ ಹೋಗುತ್ತವೆ. ಆಗ ಆಗುವುದು ಡ್ರೈ ಮೀಡ್, ಸಿಹಿ ಇಲ್ಲದ ಮೀಡ್.

ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಸಿಹಿ ಪೂರ್ತಿ ಹೋದರೂ ಮೂಗಿಗೆ ಜೇನಿನ ಪರಿಮಳ ಬರುತ್ತಲೇ ಇರುತ್ತದೆ. ಪರಿಮಳ ಬಂತೆಂದು ಮೆದುಳು ಸಿಹಿಯನ್ನು ಎದುರುನೋಡುತ್ತದೆ, ನಾಲಿಗೆಯಲ್ಲಿ ಅದು ಸಿಗುವುದಿಲ್ಲ. ಮೊದಲ ಗುಟುಕಿನ ನಿರಾಸೆಗೆ ಇದೇ ಕಾರಣ. ಆದರೆ ಹೂವು ಅತಿ ಸ್ಪಷ್ಟವಾಗಿ ಸಿಗುವುದು ಇಂಥ ಡ್ರೈ ಮೀಡ್‌ನಲ್ಲೇ. ಸಕ್ಕರೆಯ ಮುಸುಕು ಹೋಗಿ, ಜೇನಿನ ಒಳಗೆ ಏನಿತ್ತೋ ಅದು ಬಯಲಾಗುತ್ತದೆ. ಕಲಬೆರಕೆಯೂ ಹಾಗೇ ಸಿಕ್ಕಿಬೀಳುತ್ತದೆ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2020ರಲ್ಲಿ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷೆಗೆ ಕಳಿಸಿದಾಗ 10 ಬ್ರ್ಯಾಂಡ್‌ಗಳು ಎನ್‌ಎಂಆರ್ ಎಂಬ, ಬೆರೆಸಿದ ಸಕ್ಕರೆ ಪಾಕವನ್ನು ಪತ್ತೆ ಹಚ್ಚುವ ಪರೀಕ್ಷೆಯಲ್ಲಿ ತೇರ್ಗಡೆ ಆಗಿರಲಿಲ್ಲ. ಸಕ್ಕರೆ ಪಾಕ ಬೆರೆಸಿದ ಜೇನಿಂದ ಮೀಡ್ ಮಾಡಿದರೆ ಯೀಸ್ಟ್ ಆ ಪಾಕವನ್ನೆಲ್ಲ ಆಲ್ಕೋಹಾಲ್ ಮಾಡಿಬಿಡುತ್ತದೆ. ಪರಿಮಳಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಕೊನೆಗೆ ಗ್ಲಾಸಿನಲ್ಲಿ ಉಳಿಯುವುದು ಸಪ್ಪೆ ಘಾಟು ಅಷ್ಟೇ.

ಪೋಲೆಂಡಿನ ನಾಲ್ಕು ಮೆಟ್ಟಿಲು

ನೀರಿನ ಅಳತೆ ರುಚಿಯನ್ನು ಹೇಗೆ ಬದಲಿಸುತ್ತದೆ ಎಂದು ತಿಳಿಯಲು ಪೋಲೆಂಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ಮೀಡ್‌ಗೆ ನಾಲ್ಕು ದರ್ಜೆ ಇವೆ. ಒಂದೊಂದು ದರ್ಜೆಯೂ ಜೇನು ಮತ್ತು ನೀರಿನ ಅಳತೆಯ ಮೇಲೆ ನಿಂತಿದೆ. 2008ರಲ್ಲಿ ಯುರೋಪಿಯನ್ ಒಕ್ಕೂಟ ಈ ನಾಲ್ಕನ್ನೂ ಸಾಂಪ್ರದಾಯಿಕ ವಿಶೇಷ ಉತ್ಪನ್ನಗಳ ಪಟ್ಟಿಗೆ ಸೇರಿಸಿತು. ಆ ಹೆಸರು ಬಳಸಬೇಕಾದರೆ ಅಳತೆ, ಆಲ್ಕೋಹಾಲ್, ಇಡುವ ಕಾಲ, ಎಲ್ಲವೂ ನಿಯಮದ ಪ್ರಕಾರವೇ ಇರಬೇಕು.

ಒಂದು ಪಾಲು ಜೇನಿಗೆ ಮೂರು ಪಾಲು ನೀರು ಬೆರೆಸಿದರೆ ಅದು ಚ್ವುರ್ನ್ಯಾಕ್. ಆಲ್ಕೋಹಾಲ್ ಶೇ. 9ರಿಂದ 12, ಕನಿಷ್ಠ 9 ತಿಂಗಳು ಇಡಬೇಕು. ಒಂದು ಪಾಲಿಗೆ ಎರಡು ಪಾಲು ನೀರಾದರೆ ತ್ರುಯ್ನ್ಯಾಕ್: ಶೇ. 12ರಿಂದ 15, ಕನಿಷ್ಠ ಒಂದು ವರ್ಷ. ಸಮಪಾಲಾದರೆ ದ್ವುಯ್ನ್ಯಾಕ್: ಶೇ. 15ರಿಂದ 18, ಎರಡು ವರ್ಷ. ಒಂದು ಪಾಲು ಜೇನಿಗೆ ಬರೀ ಅರ್ಧ ಪಾಲು ನೀರಾದರೆ ಅದು ಪುವ್‌ತೋರಾಕ್. ಇದರಲ್ಲೂ ಶೇ. 15ರಿಂದ 18, ಆದರೆ ಮೂರು ವರ್ಷ ಇಡಬೇಕು.

ಕೊನೆಯ ಎರಡನ್ನು ಗಮನಿಸಿದಿರಾ? ಜೇನು ಜಾಸ್ತಿ ಆದರೂ ಆಲ್ಕೋಹಾಲ್ ಏರಲಿಲ್ಲ. ಇದನ್ನು ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಜೇನು ಸುಮಾರು 1.4 ಕಿಲೋ ತೂಗುತ್ತದೆ, ಅದರಲ್ಲಿ 1,100 ಗ್ರಾಂ ಮೇಲ್ಪಟ್ಟು ಸಕ್ಕರೆ. ಇದಕ್ಕೆ ಮೂರು ಲೀಟರ್ ನೀರು ಬೆರೆಸಿದರೆ ಲೀಟರಿಗೆ ಸುಮಾರು 280 ಗ್ರಾಂ ಸಕ್ಕರೆ. ಶೇ. 1ರಷ್ಟು ಆಲ್ಕೋಹಾಲ್ ಮಾಡಲು ಯೀಸ್ಟ್ ಲೀಟರಿಗೆ ಹತ್ತಿರ ಹತ್ತಿರ 17 ಗ್ರಾಂ ಸಕ್ಕರೆ ತಿನ್ನಬೇಕು. ಚ್ವುರ್ನ್ಯಾಕ್‌ನಲ್ಲಿ ಶೇ. 12 ಆಗುವಷ್ಟರಲ್ಲಿ 204 ಗ್ರಾಂ ಖರ್ಚಾಗುತ್ತದೆ, 70–80 ಗ್ರಾಂ ಉಳಿಯುತ್ತದೆ. ನಿಯಮದಲ್ಲಿ ಇರುವ ಮಿತಿಯೂ ಲೀಟರಿಗೆ 35ರಿಂದ 90 ಗ್ರಾಂ. ಲೆಕ್ಕ ಸರಿಯಾಗಿ ಕೂಡುತ್ತದೆ.

ಈಗ ಪುವ್‌ತೋರಾಕ್ ನೋಡಿ. ಅರ್ಧ ಲೀಟರ್ ನೀರು ಮಾತ್ರ. ಲೀಟರಿಗೆ 750 ಗ್ರಾಂ ಹತ್ತಿರ ಸಕ್ಕರೆ. ಯೀಸ್ಟ್ ಎಷ್ಟೇ ಗಟ್ಟಿಗನಾದರೂ ಶೇ. 18ರ ಆಸುಪಾಸಿನಲ್ಲಿ ತಾನು ಮಾಡಿದ ಆಲ್ಕೋಹಾಲ್‌ನಲ್ಲೇ ಸೋತು ನಿಲ್ಲುತ್ತದೆ. ಅಷ್ಟರಲ್ಲಿ ತಿಂದಿರುವುದು 300 ಗ್ರಾಂ ಚಿಲ್ಲರೆ. ಉಳಿದದ್ದೆಲ್ಲ ಗ್ಲಾಸಿನಲ್ಲೇ ಇರುತ್ತದೆ. ಅದಕ್ಕೇ ನಿಯಮ ಪುವ್‌ತೋರಾಕ್‌ಗೆ ಲೀಟರಿಗೆ 300 ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬೇಕು ಎನ್ನುತ್ತದೆ. ದ್ವುಯ್ನ್ಯಾಕ್‌ಗೆ ಈ ಅಳತೆ 175ರಿಂದ 230. ಅಂದರೆ ಮೇಲಿನ ಎರಡು ದರ್ಜೆಗಳಲ್ಲಿ ಜೇನು ಹೆಚ್ಚಿಸಿದರೆ ಆಲ್ಕೋಹಾಲ್ ಏರುವುದಿಲ್ಲ, ಸಿಹಿ ಏರುತ್ತದೆ, ಮಂದ ಏರುತ್ತದೆ. ಅಷ್ಟು ದಟ್ಟವಾದ ದ್ರಾವಣದಲ್ಲಿ ಯೀಸ್ಟ್ ಶುರುವಾಗುವುದೇ ಕಷ್ಟ. ಆದ್ದರಿಂದ ಜೇನನ್ನು ಒಂದೇ ಸಲ ಸುರಿಯದೆ ಹಂತಹಂತವಾಗಿ ಸೇರಿಸುವ ರೂಢಿಯೂ ಇದೆ.

ಕಾಲ ಯಾಕೆ ಇಷ್ಟು ಬೇಕು? ಎಳೆಯ ಮೀಡ್‌ನಲ್ಲಿ ಆಲ್ಕೋಹಾಲ್, ಸಕ್ಕರೆ, ಆಮ್ಲ ಮೂರೂ ಬೇರೆ ಬೇರೆಯಾಗಿ ನಾಲಿಗೆಗೆ ತಾಗುತ್ತವೆ. ಇಟ್ಟಷ್ಟೂ ಚುರುಕು ತಗ್ಗುತ್ತದೆ, ಬಣ್ಣ ಗಾಢವಾಗುತ್ತದೆ, ಒಣಹಣ್ಣು ಮತ್ತು ಕಾಯಿಸಿದ ಸಕ್ಕರೆಯ ಪರಿಮಳ ಮೂಡುತ್ತದೆ. ನನ್ನ ಮಟ್ಟಿಗೆ ಹೊಸಬರು ಶುರು ಮಾಡಬೇಕಾದ್ದು ತ್ರುಯ್ನ್ಯಾಕ್‌ನಿಂದ. ಅದರಲ್ಲಿ ಸಿಹಿಯೂ ಇದೆ, ಹೂವೂ ಕಾಣುತ್ತದೆ. ಪುವ್‌ತೋರಾಕ್‌ನಿಂದ ಶುರು ಮಾಡಿದರೆ ಆಮೇಲೆ ಬೇರೇನೂ ರುಚಿಸುವುದಿಲ್ಲ.

ಪೋಲೆಂಡಿನ ಬಾಟಲಿಯ ಮೇಲೆ ಇನ್ನೊಂದು ವಿಷಯವನ್ನೂ ನೋಡಬಹುದು: ಜೇನುನೀರನ್ನು ಕುದಿಸಿದ್ದಾ, ಕುದಿಸದೇ ಬಿಟ್ಟಿದ್ದಾ ಎಂಬುದು. ಕುದಿಸಿದರೆ ದ್ರಾವಣ ತಿಳಿಯಾಗುತ್ತದೆ, ಬೇಡದ ಸೂಕ್ಷ್ಮಜೀವಿಗಳು ಸಾಯುತ್ತವೆ, ಆದರೆ ಹಗುರವಾದ ಪರಿಮಳ ಹಬೆಯ ಜೊತೆ ಹೋಗುತ್ತದೆ. ಕುದಿಸದ್ದರಲ್ಲಿ ಹೂವು ಜಾಸ್ತಿ ಉಳಿಯುತ್ತದೆ. ಒಂದೇ ದರ್ಜೆಯ ಎರಡನ್ನೂ ಪಕ್ಕಪಕ್ಕ ಮೂಸಿದರೆ ಈ ವ್ಯತ್ಯಾಸ ಸಿಗುತ್ತದೆ.

ಯಾವ ಹೂವಿನ ಜೇನು?

ವೈನ್‌ನಲ್ಲಿ ದ್ರಾಕ್ಷಿಯ ತಳಿ ಮುಖ್ಯ. ಮೀಡ್‌ನಲ್ಲಿ ಆ ಜಾಗ ಹೂವಿನದು. ಪೋಲೆಂಡಿನಲ್ಲೇ ಲಿಂಡೆನ್ ಮರದ ಹೂವಿನ ಜೇನಿಂದ ಮಾಡಿದ ಮೀಡ್‌ನಲ್ಲಿ ಪುದಿನದ ತಂಪಿನ ಸುಳಿವು ಇರುತ್ತದೆ. ಬಕ್‌ವೀಟ್ ಎಂಬ ಧಾನ್ಯದ ಹೂವಿನ ಜೇನು ಕಪ್ಪಾಗಿರುತ್ತದೆ. ಅದರ ಮೀಡ್‌ನಲ್ಲಿ ಕಾಕಂಬಿ, ಹುರಿದ ಕಾಳು, ಹಸಿ ಮಣ್ಣು ಇವೆಲ್ಲ ನೆನಪಾಗುತ್ತವೆ. ಕೆಲವರಿಗೆ ಕೊಟ್ಟಿಗೆಯ ವಾಸನೆಯೂ ಸಿಗುತ್ತದೆ. ಫ್ರಾನ್ಸಿನ ಬ್ರಿಟನಿಯಲ್ಲಿ ಮಾಡುವ ಶೂಶೆನ್ ಎಂಬ ಮೀಡ್‌ಗೂ ಸಂಪ್ರದಾಯದಲ್ಲಿ ಇದೇ ಬಕ್‌ವೀಟ್ ಜೇನೇ ಆಧಾರ. ಹೆದರ್ ಎಂಬ ಕುರುಚಲು ಗಿಡದ ಜೇನು ಲೋಳೆಯಷ್ಟು ಗಟ್ಟಿ, ಕಲಕಿದರೆ ಮಾತ್ರ ಹರಿಯುತ್ತದೆ. ಅದರ ಮೀಡ್‌ನಲ್ಲಿ ಹಿತವಾದ ಕಹಿ ಉಳಿಯುತ್ತದೆ. ಅಮೆರಿಕದ ಮೀಡ್ ತಯಾರಕರಿಗೆ ಕಿತ್ತಳೆ ಹೂವಿನ ಜೇನು ಬಲು ಪ್ರಿಯ. ಅದರಲ್ಲಿ ಮೀಥೈಲ್ ಆಂಥ್ರನಿಲೇಟ್ ಎಂಬ ಪರಿಮಳದ ಅಂಶವಿದೆ. ಕೆಲವು ದ್ರಾಕ್ಷಿ ತಳಿಗಳ ವಾಸನೆಗೂ ಅದೇ ಕಾರಣ. ಹಾಗಾಗಿ ಕಿತ್ತಳೆ ಹೂವಿನ ಮೀಡ್‌ನಲ್ಲಿ ಯಾರಿಗಾದರೂ ದ್ರಾಕ್ಷಿ ಸಿಕ್ಕಿದರೆ ಅದು ಭ್ರಮೆ ಅಲ್ಲ.

ಅಕೇಶಿಯಾ ಎಂದು ಮಾರುವ ರೊಬಿನಿಯಾ ಮರದ ಜೇನು ಇದಕ್ಕೆ ತದ್ವಿರುದ್ಧ. ಬಣ್ಣ ತೀರಾ ತಿಳಿ, ಪರಿಮಳ ತೀರಾ ಮೆದು. ಹಣ್ಣು ಅಥವಾ ಮಸಾಲೆ ಮುಂದೆ ನಿಲ್ಲಬೇಕಾದ ಮೀಡ್‌ಗೆ ಇದು ಒಪ್ಪುತ್ತದೆ. ಬರೀ ಜೇನಿನ ಮೀಡ್‌ಗೆ ಸ್ವಲ್ಪ ಬಡಕಲಾಯಿತು ಎನಿಸುತ್ತದೆ.

ನಮ್ಮ ಕಡೆಯ ಜೇನುಗಳನ್ನು ಈ ಕಣ್ಣಿನಿಂದ ನೋಡಿದರೆ ಆಸೆ ಹುಟ್ಟುತ್ತದೆ. ನೇರಳೆ ಹೂವಿನ ಜೇನು ಗಾಢ, ಕೊನೆಯಲ್ಲಿ ತುಸು ಕಹಿ. ಬೇವಿನ ಜೇನಿಗೂ ಆ ಗುಣವಿದೆ. ಕೇರಳ ಮತ್ತು ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ಜೇನುಹುಳು ಮಕರಂದ ಹೀರುವುದು ಹೂವಿಂದ ಅಲ್ಲ, ಚಿಗುರೆಲೆಯ ಬುಡದ ಗ್ರಂಥಿಗಳಿಂದ. ಆ ಜೇನು ಬೇಗ ಹರಳುಗಟ್ಟುತ್ತದೆ, ಪರಿಮಳ ಸಾಧಾರಣ. ಕೊಡಗು, ಚಿಕ್ಕಮಗಳೂರಿನಲ್ಲಿ ಹೂಮಳೆ ಬಿದ್ದ ಮೇಲೆ ಕಾಫಿ ಗಿಡಗಳು ಕೆಲವೇ ದಿನ ಬೆಳ್ಳಗೆ ಅರಳುತ್ತವೆ, ಆಗ ಗೂಡಿಗೆ ಬರುವ ಜೇನಿಗೆ ಬೇರೆಯೇ ಗುಣ. ಕುಟುಕದ ಪುಟ್ಟ ಜೇನುಹುಳು ಮುಜಂಟಿಯ ಜೇನಂತೂ ತೆಳ್ಳಗೆ, ಹುಳಿಹುಳಿ. ಮೀಡ್‌ಗೆ ಆಮ್ಲ ಬೇಕು ಎಂದು ಹುಡುಕುವವರಿಗೆ ಅದು ಹುಟ್ಟಿನಿಂದಲೇ ಅದನ್ನು ಹೊತ್ತು ಬಂದಿದೆ. ಆದರೆ ಸಿಗುವ ಪ್ರಮಾಣ ಅಲ್ಪ.

ಅಂಗಡಿಯ ಜೇನಿನಲ್ಲಿ ಹಲವು ಹೂವು, ಹಲವು ಊರು ಬೆರೆತಿರುತ್ತವೆ. ಅದನ್ನು ಬಿಸಿ ಮಾಡಿ ಸೋಸಿರುತ್ತಾರೆ. ಅಂಥದ್ದರಿಂದ ಮಾಡಿದ ಮೀಡ್ ಕೆಟ್ಟದ್ದೇನೂ ಆಗಬೇಕಿಲ್ಲ. ಆದರೆ ಅದರಲ್ಲಿ ಒಂದು ಹೂವನ್ನು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಹಣ್ಣು, ಮಸಾಲೆ, ಸುಟ್ಟ ಜೇನು

ಬರೀ ಜೇನು, ನೀರು, ಯೀಸ್ಟ್ ಇದ್ದರೆ ಅದು ಟ್ರೆಡಿಷನಲ್ ಮೀಡ್. ಹಣ್ಣು ಸೇರಿದರೆ ಮೆಲೊಮೆಲ್. ಅದರಲ್ಲೂ ಸೇಬಿನ ರಸ ಹಾಕಿದ್ದು ಸೈಸರ್, ದ್ರಾಕ್ಷಿ ರಸದ್ದು ಪೈಮೆಂಟ್. ಮಸಾಲೆ, ಗಿಡಮೂಲಿಕೆ ಹಾಕಿದ್ದು ಮೆಥೆಗ್ಲಿನ್. ಬಿಯರ್‌ಗೆ ಬಳಸುವ ಮೊಳಕೆ ಬಾರ್ಲಿ ಸೇರಿದ್ದು ಬ್ರ್ಯಾಗಟ್. ಹೆಸರುಗಳು ಇನ್ನೂ ಇವೆ, ಬಾಯಿಪಾಠ ಮಾಡಬೇಕಾಗಿಲ್ಲ. ಬೆರಕೆಯ ಅಭ್ಯಾಸ ಬಹಳ ಹಳೆಯದು. ಚೀನಾದ ಜಿಯಾಹು ಎಂಬಲ್ಲಿ ಸಿಕ್ಕ ಸುಮಾರು 9,000 ವರ್ಷ ಹಿಂದಿನ ಮಡಕೆಗಳಲ್ಲಿ ಅಕ್ಕಿ, ಜೇನು, ಹಣ್ಣು ಮೂರೂ ಸೇರಿದ ಹುದುಗು ಪಾನೀಯದ ಅಂಶ ಇರುವುದನ್ನು ಪ್ಯಾಟ್ರಿಕ್ ಮೆಕ್‌ಗವರ್ನ್ ಅವರ ತಂಡ 2004ರಲ್ಲಿ ಪ್ರಕಟಿಸಿತು.

ಬೋಶೆ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಇದರಲ್ಲಿ ನೀರು ಬೆರೆಸುವ ಮೊದಲು ಜೇನನ್ನೇ ಕಾಯಿಸಿ ಕಂದು ಬಣ್ಣಕ್ಕೆ ತರುತ್ತಾರೆ. 1393ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಬರೆದ ಒಂದು ಮನೆವಾರ್ತೆಯ ಪುಸ್ತಕದಲ್ಲೇ ಇದರ ವಿಧಾನವಿದೆ. ಕಾಯಿಸಿದಾಗ ಹೂವಿನ ಪರಿಮಳ ಹೆಚ್ಚುಕಡಿಮೆ ಹೋಗುತ್ತದೆ. ಬದಲಿಗೆ ಕ್ಯಾರಮೆಲ್, ಹೊಗೆ, ತುಸು ಕಹಿ ಬರುತ್ತದೆ. ಅಲ್ಲದೆ ಕಾಯಿಸಿದಾಗ ಸಕ್ಕರೆಯ ಒಂದು ಭಾಗ ಯೀಸ್ಟ್ ತಿನ್ನಲಾಗದ ರೂಪಕ್ಕೆ ತಿರುಗುತ್ತದೆ. ಅದಕ್ಕೇ ಪೂರ್ತಿ ಹುದುಗಿದ ಬೋಶೆಯಲ್ಲೂ ಬಾಯಿತುಂಬುವ ಮಂದ ಉಳಿಯುತ್ತದೆ. ದುಬಾರಿ ಏಕಪುಷ್ಪ ಜೇನನ್ನು ಇದಕ್ಕೆ ಹಾಕುವುದು ದಂಡ.

ಇಥಿಯೋಪಿಯಾದ ತೆಜ್ ಈ ಎಲ್ಲ ಯುರೋಪಿನ ಹೆಸರುಗಳ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಅಲ್ಲಿ ಇದು ಹಬ್ಬದ ಪಾನೀಯ, ಮನೆಯ ಪಾನೀಯ. ತೆಜ್ ಬೆತ್ ಎಂಬ ಅಂಗಡಿಗಳಲ್ಲೂ ಸಿಗುತ್ತದೆ. ಜೇನು, ನೀರಿನ ಜೊತೆ ಗೇಶೊ ಎಂಬ ಪೊದೆಯ ಎಲೆ ಮತ್ತು ಕಡ್ಡಿ ಹಾಕುತ್ತಾರೆ. ಬಿಯರ್‌ನಲ್ಲಿ ಹಾಪ್ಸ್ ಎಂಬ ಹೂವು ಮಾಡುವ ಕೆಲಸವನ್ನು ಇಲ್ಲಿ ಗೇಶೊ ಮಾಡುತ್ತದೆ: ಕಹಿ ಕೊಟ್ಟು ಸಿಹಿಯನ್ನು ತೂಗಿಸುತ್ತದೆ. ಹುದುಗಿಸುವ ಮಡಕೆಗೆ ಮೊದಲೇ ಹೊಗೆ ಹಿಡಿಸುವ ರೂಢಿಯೂ ಇದೆ. ಯೀಸ್ಟನ್ನು ಪೊಟ್ಟಣದಿಂದ ಹಾಕುವ ಪದ್ಧತಿ ಸಾಂಪ್ರದಾಯಿಕ ತೆಜ್‌ನಲ್ಲಿ ಇಲ್ಲ. ಜೇನು, ಗೇಶೊ, ಮಡಕೆ ಇವುಗಳಲ್ಲಿರುವ ಯೀಸ್ಟ್ ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರಿಯೇ ಕೆಲಸ ಮಾಡುತ್ತವೆ. ಹಾಗಾಗಿ ತೆಜ್ ಹಳದಿ, ಮಸುಕು, ತುಸು ಹುಳಿ, ತುಸು ಹೊಗೆ. ಇದನ್ನು ಬೆರೆಲೆ ಎಂಬ ದುಂಡು ಹೊಟ್ಟೆಯ, ಸಣ್ಣ ಕತ್ತಿನ ಗಾಜಿನ ಪಾತ್ರೆಯಲ್ಲಿ ಕುಡಿಯುತ್ತಾರೆ. ವರ್ಷಗಟ್ಟಲೆ ಇಡುವ ಮಾತೇ ಇಲ್ಲ, ಎಳೆಯದಾಗಿರುವಾಗಲೇ ಕುಡಿಯಬೇಕು. ತಿಳಿಯಾಗಿಲ್ಲ ಎಂದು ತೆಜ್‌ಗೆ ಅಂಕ ಕಡಿಮೆ ಕೊಡುವುದು ತಪ್ಪು. ಅದರ ಅಳತೆಗೋಲೇ ಬೇರೆ.

ಗ್ಲಾಸು ಕೈಗೆ ಬಂದಾಗ

ಅಮೆರಿಕದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ ಮೀಡ್ ಸ್ಪರ್ಧೆಗಳಿಗೂ ನಿಯಮ ಮಾಡಿದೆ. ಪ್ರತಿಯೊಂದು ಮೀಡ್ ಬಗ್ಗೆ ಅದು ಮೊದಲೇ ಮೂರು ಸಂಗತಿ ಕೇಳುತ್ತದೆ. ಸಿಹಿ ಎಷ್ಟು: ಡ್ರೈ, ಮಧ್ಯಮ, ಸಿಹಿ. ಗುಳ್ಳೆ ಎಷ್ಟು: ಇಲ್ಲ, ಸ್ವಲ್ಪ, ಜಾಸ್ತಿ. ಬಲ ಎಷ್ಟು: ಶೇ. 3.5ರಿಂದ 7.5ರವರೆಗೆ ಹೈಡ್ರೊಮೆಲ್, 14ರವರೆಗೆ ಸ್ಟ್ಯಾಂಡರ್ಡ್, 18ರವರೆಗೆ ಸ್ಯಾಕ್. ರುಚಿ ನೋಡುವ ಮೊದಲೇ ಈ ಮೂರನ್ನು ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಡ್ರೈ ಮೀಡ್‌ನಲ್ಲಿ ಸಿಹಿ ಇಲ್ಲ ಎಂದು ದೂರುವುದು ಆಗ ತಾನಾಗಿ ನಿಲ್ಲುತ್ತದೆ.

ಬಾಯಿ ಸಣ್ಣದಾಗಿರುವ, ಹೊಟ್ಟೆ ಅಗಲವಾಗಿರುವ ವೈನ್ ಗ್ಲಾಸ್ ಸಾಕು. 30–40 ಮಿ.ಲೀ. ಸುರಿಯಿರಿ, ಜಾಸ್ತಿ ಬೇಡ. ಕ್ರಮ ಮುಖ್ಯ: ಡ್ರೈ ಮೊದಲು, ಸಿಹಿ ಆಮೇಲೆ. ಕಡಿಮೆ ಬಲದ್ದು ಮೊದಲು. ಬರೀ ಜೇನಿನದು ಮೊದಲು, ಮಸಾಲೆಯದ್ದು ಕೊನೆಗೆ. ಒಮ್ಮೆ ಪುವ್‌ತೋರಾಕ್ ನಾಲಿಗೆಗೆ ತಾಗಿದ ಮೇಲೆ ಡ್ರೈ ಮೀಡ್ ಬರೀ ಹುಳಿ ನೀರು ಎನಿಸುತ್ತದೆ, ಅದು ಆ ಮೀಡ್‌ನ ದೋಷ ಅಲ್ಲ.

ತಾಪಮಾನವೂ ಅಷ್ಟೇ ಮುಖ್ಯ. ಫ್ರಿಜ್‌ನಿಂದ ತೆಗೆದ ತಕ್ಷಣ ಮೂಸಿದರೆ ಪರಿಮಳ ಏಳುವುದೇ ಇಲ್ಲ. ಗುಳ್ಳೆ ಬರುವ ಹಗುರ ಮೀಡ್ 6ರಿಂದ 8 ಡಿಗ್ರಿಯಲ್ಲಿ ಚೆನ್ನ. ಡ್ರೈ ಮೀಡ್ 10–12 ಡಿಗ್ರಿ, ಹಳೆಯ ಸಿಹಿ ಮೀಡ್ 16 ಡಿಗ್ರಿ ಆಸುಪಾಸು. ಬೆಂಗಳೂರಿನ ಸಂಜೆಯಲ್ಲಿ ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಮೇಜಿನ ಮೇಲಿಟ್ಟರೆ ಸಾಕು. ಪೋಲೆಂಡಿನಲ್ಲಿ ಚಳಿಗಾಲಕ್ಕೆ ಲವಂಗ, ದಾಲ್ಚಿನ್ನಿ ಹಾಕಿ ಬಿಸಿ ಮಾಡಿಯೂ ಕುಡಿಯುತ್ತಾರೆ. ಸುಖಕ್ಕೆ ಅದು ಸರಿ, ಹೋಲಿಸಲು ಬೇಡ.

ಮೊದಲು ಅಲ್ಲಾಡಿಸದೆ ಮೂಸಿ. ಹಗುರವಾದ ಹೂವಿನ ವಾಸನೆ ಮೊದಲು ಬರುವುದು ಆಗಲೇ. ಆಮೇಲೆ ಗ್ಲಾಸನ್ನು ತಿರುಗಿಸಿ ಮತ್ತೆ ಮೂಸಿ. ಇಲ್ಲಿ ನಾನು ಎಲ್ಲರಿಗೂ ಹೇಳುವ ಒಂದು ಉಪಾಯ ಇದೆ. ಆ ಮೀಡ್ ಯಾವ ಜೇನಿನದು ಎಂದು ಗೊತ್ತಿದ್ದು, ಅದೇ ಜೇನು ಸಿಕ್ಕರೆ, ಒಂದು ಚಮಚವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಪಕ್ಕದ ಗ್ಲಾಸಿನಲ್ಲಿಡಿ. ಎರಡನ್ನೂ ಒಂದಾದ ಮೇಲೊಂದು ಮೂಸಿ. ಹುದುಗಿದ ಮೇಲೆ ಏನು ಉಳಿಯಿತು, ಏನು ಹೋಯಿತು, ಹೊಸದೇನು ಬಂತು ಎಂದು ಆಗ ಸ್ಪಷ್ಟವಾಗುತ್ತದೆ. ಎಷ್ಟು ಓದಿದರೂ ಬಾರದ ತಿಳಿವಳಿಕೆ ಇದರಿಂದ ಬರುತ್ತದೆ.

ಗುಟುಕನ್ನು ಬಾಯಲ್ಲಿ ಹಿಡಿದು ನಿಧಾನವಾಗಿ ಸುತ್ತಾಡಿಸಿ. ಮೂಗು ಮುಚ್ಚಿಕೊಂಡು ಒಂದು ಗುಟುಕು ತೆಗೆದುಕೊಂಡರೆ ಸಿಹಿ, ಹುಳಿ, ಕಹಿ ಮಾತ್ರ ಸಿಗುತ್ತವೆ. ಮೂಗು ಬಿಟ್ಟ ಕ್ಷಣ ಹೂವು ಬರುತ್ತದೆ. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ, ಜೇನು ಅತಿ ಚೆನ್ನಾಗಿ ಸಿಗುವುದು ಆಗ. ಹಲವು ಬಗೆ ಇದ್ದರೆ ನುಂಗದೆ ಉಗುಳುವುದೇ ಜಾಣತನ. ಶೇ. 18ರ ಮದ್ಯ ಸಿಹಿಯ ಮರೆಯಲ್ಲಿ ಎಷ್ಟು ಏರಿತು ಎಂದು ತಿಳಿಯುವುದಿಲ್ಲ.

ಈಗ ಸಿಹಿಯನ್ನು ಆಮ್ಲದ ಜೊತೆ ಇಟ್ಟು ನೋಡಿ. ರಾಮನವಮಿಯ ಪಾನಕಕ್ಕೆ ನಿಂಬೆಹಣ್ಣು ಹಿಂಡದಿದ್ದರೆ ಬರೀ ಬೆಲ್ಲದ ನೀರಾಗುತ್ತದೆ. ಅಷ್ಟೇ ಬೆಲ್ಲಕ್ಕೆ ಹುಳಿ ಬಿದ್ದರೆ ಇನ್ನೊಂದು ಲೋಟ ಬೇಕೆನಿಸುತ್ತದೆ. ಮೀಡ್‌ನಲ್ಲೂ ಅದೇ. ಲೀಟರಿಗೆ 100 ಗ್ರಾಂ ಸಕ್ಕರೆ ಇರುವ ಒಂದು ಮೀಡ್ ಜಿಡ್ಡು ಎನಿಸಬಹುದು, ಅಷ್ಟೇ ಸಕ್ಕರೆಯ ಇನ್ನೊಂದು ಹಗುರ ಎನಿಸಬಹುದು. ವ್ಯತ್ಯಾಸ ಆಮ್ಲದ್ದು. ಜೇನಿನಲ್ಲಿ ಮುಖ್ಯವಾಗಿ ಇರುವುದು ಗ್ಲುಕೋನಿಕ್ ಆಮ್ಲ, ಅದು ಮೆದು. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಚುರುಕು ಅದಕ್ಕಿಲ್ಲ. ಅದಕ್ಕೇ ಹಲವು ತಯಾರಕರು ಹಣ್ಣಿನಿಂದ ಹುಳಿ ತರುತ್ತಾರೆ. ಹುಳಿ ಇಲ್ಲದ ಕಡೆ ಕಹಿ, ಒಗರು ಅಥವಾ ಗುಳ್ಳೆ ಆ ಕೆಲಸ ಮಾಡುತ್ತವೆ. ಮೀಡ್ ತೂಕವಾಗಿದೆಯಾ ಎಂದು ಕೇಳುವಾಗ ಸಿಹಿಯನ್ನು ಯಾವುದು ಹಿಡಿದು ನಿಲ್ಲಿಸಿದೆ ಎಂದು ಹುಡುಕಿ.

ದೋಷ ಗುರುತಿಸುವುದು

ದ್ರಾಕ್ಷಿ ರಸದಲ್ಲಿ ಯೀಸ್ಟ್‌ಗೆ ಬೇಕಾದ ಸಾರಜನಕ ಇರುತ್ತದೆ. ಜೇನಿನಲ್ಲಿ ಅದು ತೀರಾ ಕಡಿಮೆ. ಹೊಟ್ಟೆಗಿಲ್ಲದ ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ. ಬಿಸಿ ಜಾಗದಲ್ಲಿ ಹುದುಗಿದರೆ ಗಂಟಲು ಸುಡುವ ಭಾರದ ಆಲ್ಕೋಹಾಲ್‌ಗಳನ್ನೂ ಮಾಡುತ್ತದೆ. ಶೇ. 12ರ ಮೀಡ್ ಶೇ. 18ರದ್ದಕ್ಕಿಂತ ಹೆಚ್ಚು ಉರಿದರೆ ಕಾರಣ ಇದೇ ಇರಬಹುದು. ಈಗಿನ ತಯಾರಕರು ಮೊದಲ ಕೆಲವು ದಿನ ಯೀಸ್ಟ್‌ಗೆ ಪೋಷಕಾಂಶವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ, ತಂಪಾಗಿ ಇಡುತ್ತಾರೆ. ಅದರಿಂದ ಮೀಡ್ ಕೆಲವೇ ತಿಂಗಳಲ್ಲಿ ಕುಡಿಯುವಂತಾಗುತ್ತದೆ. ವರ್ಷಗಟ್ಟಲೆ ಇಟ್ಟರೆ ಮಾತ್ರ ಮೀಡ್ ಒಳ್ಳೆಯದು ಎಂಬ ನಂಬಿಕೆಯಲ್ಲಿ ಒಂದು ಪಾಲು ನಿಜ, ಇನ್ನೊಂದು ಪಾಲು ಹಸಿದ ಯೀಸ್ಟ್ ಮಾಡಿದ ಒರಟನ್ನು ಕಾಲದಿಂದ ಸವೆಸುತ್ತಿದ್ದ ಹಳೆಯ ಕಥೆ.

ವಿನೆಗರ್ ವಾಸನೆ ಬಂದರೆ ಗಾಳಿ ತಾಗಿ ಅಸಿಟಿಕ್ ಬ್ಯಾಕ್ಟೀರಿಯಾ ಸೇರಿದೆ. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕದಿಂದ ಕಳೆಗುಂದಿದೆ. ಬ್ಯಾಂಡೇಜ್ ಅಥವಾ ಔಷಧಿಯ ವಾಸನೆ ಬೇಡದ ಯೀಸ್ಟ್‌ನ ಗುರುತು. ಆದರೆ ಬಕ್‌ವೀಟ್‌ನ ಕೊಟ್ಟಿಗೆ ವಾಸನೆ, ತೆಜ್‌ನ ಹುಳಿ, ನೇರಳೆ ಜೇನಿನ ಕಹಿ ಇವು ದೋಷಗಳಲ್ಲ. ಆ ಜೇನು, ಆ ಪದ್ಧತಿ ಕೊಟ್ಟ ಗುಣಗಳು. ಎರಡರ ನಡುವಿನ ಗೆರೆ ಗುರುತಿಸಲು ಬರುವುದೇ ರುಚಿ ನೋಡುವವರ ನಿಜವಾದ ಕಲಿಕೆ ಎಂದು ನನಗನಿಸುತ್ತದೆ.

ಇಲ್ಲಿ ಶುರು ಮಾಡುವುದಾದರೆ

ಭಾರತದಲ್ಲಿ ಮೀಡ್ ಬಾಟಲಿಯಾಗಿ ಅಂಗಡಿಗೆ ಬಂದದ್ದು ಇತ್ತೀಚೆಗೆ. ಪುಣೆಯ ಮೂನ್‌ಶೈನ್ ಮೀಡರಿ 2018ರಲ್ಲಿ ಮಾರಾಟ ಶುರು ಮಾಡಿತು. ಸೇಬಿನ ಸೈಸರ್, ಕಾಫಿ ಮೀಡ್ ಅವರ ಮೊದಲ ಬಗೆಗಳಲ್ಲಿ ಸೇರಿವೆ. ನಾಸಿಕ್‌ನಲ್ಲಿ ಸೆರಾನಾ ಮೀಡ್ಸ್ ಇದೆ. ಈ ಕಡೆ ಸಿಗುವ ಮೀಡ್‌ಗಳು ಬಹುತೇಕ ಹೈಡ್ರೊಮೆಲ್ ವರ್ಗದವು: ಹಗುರ, ಗುಳ್ಳೆ ಬರುವಂಥವು, ತಣ್ಣಗೆ ಕುಡಿಯಲು ಮಾಡಿದವು. ಇವನ್ನು ಪೋಲೆಂಡಿನ ದ್ವುಯ್ನ್ಯಾಕ್ ಜೊತೆ ಹೋಲಿಸಿ ತೆಳ್ಳಗಿದೆ ಎನ್ನುವುದು ನ್ಯಾಯ ಅಲ್ಲ. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಕರ್ನಾಟಕದಲ್ಲಿ ಕಾನೂನಿಗೆ ವಿರುದ್ಧ. ಹಾಗಾಗಿ ಕುತೂಹಲ ಇರುವವರು ಕೊಂಡ ಬಾಟಲಿಯಿಂದಲೇ ಕಲಿಯಬೇಕು.

ಹೋಲಿಸುವಾಗ ಒಂದು ಸಲಕ್ಕೆ ಒಂದೇ ಸಂಗತಿ ಬದಲಾಗುವಂತೆ ಬಾಟಲಿ ಆರಿಸಿ. ಒಬ್ಬರೇ ತಯಾರಕರ ಬರೀ ಜೇನಿನ ಮೀಡ್ ಮತ್ತು ಹಣ್ಣಿನ ಮೀಡ್ ಪಕ್ಕಪಕ್ಕ ಇಟ್ಟರೆ ಹಣ್ಣು ಏನು ಮಾಡುತ್ತದೆ ಎಂದು ತಿಳಿಯುತ್ತದೆ. ವಿದೇಶದಲ್ಲಿ ಇರುವವರಿಗೆ ಅಥವಾ ಹೋಗಿಬರುವವರಿಗೆ ಪೋಲೆಂಡಿನ ಒಂದೇ ತಯಾರಕರ ತ್ರುಯ್ನ್ಯಾಕ್, ದ್ವುಯ್ನ್ಯಾಕ್ ಸಿಕ್ಕರೆ ನೀರಿನ ಅಳತೆಯ ಪಾಠ ಅಲ್ಲೇ ಆಗುತ್ತದೆ. ಬೇರೆ ಬೇರೆ ದೇಶ, ಬೇರೆ ಜೇನು, ಬೇರೆ ಬಲದ ಐದಾರು ಬಾಟಲಿ ಒಟ್ಟಿಗೆ ತೆರೆದರೆ ಯಾವುದು ಇಷ್ಟವಾಯಿತು ಎಂದು ಹೇಳಬಹುದು, ಯಾಕೆ ಎಂದು ಹೇಳಲು ಬರುವುದಿಲ್ಲ.

ತೆರೆದ ಬಾಟಲಿಯನ್ನು ಅದೇ ದಿನ ಮುಗಿಸಬೇಕು ಎಂದೇನಿಲ್ಲ. ಗುಳ್ಳೆ ಬರುವ ಹಗುರ ಮೀಡ್ ಮಾತ್ರ ಬೇಗ ಸಪ್ಪೆಯಾಗುತ್ತದೆ. ಗಟ್ಟಿಯಾದ ಸಿಹಿ ಮೀಡ್ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ವಾರಗಟ್ಟಲೆ ಚೆನ್ನಾಗಿರುತ್ತದೆ. ಎರಡು ಮೂರು ದಿನ ಬಿಟ್ಟು ಅದನ್ನೇ ಇನ್ನೊಮ್ಮೆ ಮೂಸಿ ನೋಡಿ. ಸ್ವಲ್ಪ ಗಾಳಿ ತಾಗಿದ ಮೇಲೆ ಆಲ್ಕೋಹಾಲ್‌ನ ಘಾಟು ತಗ್ಗಿ, ಮೊದಲ ದಿನ ಸಿಗದ ಪರಿಮಳ ಸಿಗುವುದುಂಟು.